ಪತ್ತನಾಜೆಯ ಹೊತ್ತಿನ ದಾರಿ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕರೆ ಮಾಡಿ, ‘ಉಡುಪಿಯ ಕಡೆ ಕಾರಿನಲ್ಲಿ ಸುತ್ತಾಡಲು ಯಾವಾಗ ಬಂದರೆ ಒಳ್ಳೆಯದು’ ಎಂದು ಕೇಳುವ ಗೆಳತಿಯರಿಗೆ ನಾನು ಹಲವು ವರ್ಷಗಳಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: ಮೇ ತಿಂಗಳ ಕೊನೆಯ ಹತ್ತು ದಿನ. ಕೇಳಿದವರಲ್ಲಿ ಹೆಚ್ಚಿನವರು ಅರೆಕ್ಷಣ ಸುಮ್ಮನಾಗುತ್ತಾರೆ. ಮೈಯಿಂದ ಬೆವರು ಇಳಿಯುತ್ತಲೇ ಇರುವ, ಬಾವಿಗಳು ತಳ ಕಂಡಿರುವ, ಫ್ಯಾನಿನ ಗಾಳಿಯೂ ಬಿಸಿಯಾಗಿರುವ ದಿನಗಳಿಗೆ ಯಾರಾದರೂ ಅತಿಥಿಗಳನ್ನು ಕರೆಯುತ್ತಾರೆಯೇ ಎಂಬ ಸಂಶಯ ಅವರದು. ಅವರು ಚಿತ್ರಗಳಲ್ಲಿ ಕಂಡ ಕರಾವಳಿ ಮತ್ತು ಘಟ್ಟ ಜುಲೈ–ಆಗಸ್ಟ್ ತಿಂಗಳಿನವು; ಮಂಜು ಮುಸುಕಿದ ತಿರುವುಗಳು, ಬಂಡೆಗಳ ಮೇಲಿಂದ ಬಿಳಿಯ ಎಳೆಗಳಾಗಿ ಇಳಿಯುವ ನೀರು, ಕಣ್ಣು ಹಾಯಿಸಿದಷ್ಟೂ ಹಸುರು. ಆ ಚಿತ್ರಗಳು ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ದಾರಿಗಳಲ್ಲಿ ಸಾಗುವವರು ನೋಡುವುದು ಮಳೆಯನ್ನು. ನೆಲವನ್ನು ನೋಡಬೇಕಾದರೆ ಮಳೆಯ ಮುಂಚೆ ಬರಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಅದು ಮೇ 24ರ ಆಸುಪಾಸಿಗೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ನೇಮ–ಕೋಲಗಳು ನಿಲ್ಲುತ್ತವೆ, ದೇವಸ್ಥಾನಗಳ ಉತ್ಸವಗಳು ಕೊನೆಗೊಳ್ಳುತ್ತವೆ. ಮುಂದಿನ ನಾಲ್ಕೈದು ತಿಂಗಳು ಮಳೆಯದು ಮತ್ತು ಗದ್ದೆಯದು ಎಂದು ಊರು ತನಗೆ ತಾನೇ ಹಾಕಿಕೊಂಡ ಗಡಿ ಅದು. ನಕ್ಷತ್ರದ ಲೆಕ್ಕದಲ್ಲಿ ಕೃತ್ತಿಕೆ ಮುಗಿದು ರೋಹಿಣಿ ಹುಟ್ಟುವ ಹೊತ್ತೂ ಹೆಚ್ಚುಕಡಿಮೆ ಅದೇ. ಬೇಸಿಗೆ ತನ್ನ ಕೆಲಸ ಮುಗಿಸಿರುತ್ತದೆ, ಮಳೆಗಾಲ ಇನ್ನೂ ಕಾಲಿಟ್ಟಿರುವುದಿಲ್ಲ. ಈ ನಡುವಿನ ದಿನಗಳಲ್ಲಿ ಒಂದು ದಿನವನ್ನು ಆರಿಸಿಕೊಂಡು ನಾನೂ ನನ್ನ ಸೋದರಮಾವನೂ ಪ್ರತಿ ವರ್ಷ ಒಂದು ಸುತ್ತು ಹೊರಡುತ್ತೇವೆ: ಉಡುಪಿಯಿಂದ ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ಅಲ್ಲಿಂದ ಮಾಸ್ತಿಕಟ್ಟೆಯ ಮೂಲಕ ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ, ಕುಂದಾಪುರ, ಕೊನೆಗೆ ಮರವಂತೆಯವರೆಗೆ ಹೋಗಿ, ಕತ್ತಲಾದ ಮೇಲೆ ಮನೆಗೆ. ಒಟ್ಟು 250 ಕಿ.ಮೀ. ಆಸುಪಾಸು. ಬೆಳಗ್ಗೆ ಆರಕ್ಕೆ ಹೊರಟರೆ ಒಂದೇ ದಿನದಲ್ಲಿ, ಯಾವ ಅವಸರವೂ ಇಲ್ಲದೆ ಮುಗಿಯುವ ದಾರಿ.

ಮಾವ ಕುಂದಾಪುರದ ಕಡೆಯವರು. ಘಾಟಿಯ ಮೇಲೆ ಓಡುವ ಖಾಸಗಿ ಬಸ್ಸುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಚಾಲಕರಾಗಿದ್ದವರು. ಈಗ ಕಣ್ಣಿನ ತೊಂದರೆಯಿಂದ ಸ್ಟಿಯರಿಂಗ್ ಹಿಡಿಯುವುದಿಲ್ಲ. ಎಡಗಡೆಯ ಸೀಟಿನಲ್ಲಿ ಕುಳಿತು ನನ್ನ ಕೈಯಲ್ಲಿ ಗಾಡಿ ಓಡಿಸುತ್ತಾರೆ ಎಂದರೂ ಸರಿಯೇ. ಅವರೊಂದಿಗೆ ಹೋಗದಿದ್ದರೆ ಈ ದಾರಿಯನ್ನು ನಾನು ಇಷ್ಟು ಗಮನಿಸುತ್ತಿರಲಿಲ್ಲ.

ಮಣಿಪಾಲ, ಪರ್ಕಳ, ಆತ್ರಾಡಿ ದಾಟಿ ಹಿರಿಯಡ್ಕ ಕಳೆದ ಮೇಲೆ ಸ್ವರ್ಣಾ ನದಿ ಸಿಗುತ್ತದೆ. ಸೇತುವೆಯ ಈಚೆ ಬದಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು ನಮ್ಮ ಮೊದಲ ಕ್ರಮ. ಉಡುಪಿ ನಗರಕ್ಕೆ ಕುಡಿಯುವ ನೀರು ಬರುವುದು ಇದೇ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ. ಮೇ ಕೊನೆಯಲ್ಲಿ ನದಿ ಹರಿಯುವುದನ್ನು ನಿಲ್ಲಿಸಿ ಗುಂಡಿಗಳಾಗಿ ಉಳಿದಿರುತ್ತದೆ. ಬಂಡೆಗಳ ಬೆನ್ನು, ಅವುಗಳ ನಡುವೆ ನೀರು ಕೊರೆದ ದುಂಡನೆಯ ಕುಳಿಗಳು, ಹಿಂದಿನ ವರ್ಷದ ನೆರೆ ತಂದು ಸಿಕ್ಕಿಸಿದ ಮರದ ದಿಮ್ಮಿ, ಬದಿಯ ಮಣ್ಣಿನಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿತ್ತೆಂದು ಹೇಳುವ ಗೆರೆ, ಎಲ್ಲವೂ ಬಯಲಾಗಿರುತ್ತವೆ. ಜುಲೈಯಲ್ಲಿ ಇದೇ ಜಾಗದಲ್ಲಿ ನಿಂತರೆ ಕೆಂಪು ನೀರಿನ ರಭಸವೊಂದೇ ಕಾಣುತ್ತದೆ. ನೋಡಲು ಅದು ಭವ್ಯವೇ. ಆದರೆ ಆ ನೀರು ಯಾವ ಕಲ್ಲನ್ನು ಬಳಸಿ, ಯಾವ ಹೊಂಡದಲ್ಲಿ ಸುತ್ತಿ, ಎಲ್ಲಿ ಮಣ್ಣನ್ನು ಕೆರೆದು ಹೋಗುತ್ತದೆ ಎಂಬುದು ತಿಳಿಯುವುದು ನೀರಿಲ್ಲದಾಗಲೇ. ಇಲ್ಲಿನ ಹೊಳೆ–ತೋಡುಗಳಿಗೆ ಅಡ್ಡಲಾಗಿ ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಮಳೆ ನಿಂತ ಮೇಲೆ ಹಲಗೆ ಜೋಡಿಸಿ ನೀರು ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಆ ಹಲಗೆಗಳನ್ನು ಎತ್ತಿ ಬದಿಗಿಡುತ್ತಾರೆ. ನಾವು ಹೋಗುವ ದಿನಗಳಲ್ಲಿ ಪಾಚಿ ಹಿಡಿದ ಹಲಗೆಗಳನ್ನು ದಡದಲ್ಲಿ ಒಂದರ ಮೇಲೊಂದು ಅಡಕಿ ಇಟ್ಟದ್ದು ಕಾಣುತ್ತದೆ. ಮರೆತು ಹಾಗೆಯೇ ಬಿಟ್ಟರೆ ಮೊದಲ ನೆರೆಗೆ ಪಕ್ಕದ ತೋಟವೇ ಕೊಚ್ಚಿಹೋಗಬಹುದು ಎಂದು ಮಾವ ಪ್ರತಿ ಸಲವೂ ಹೇಳುತ್ತಾರೆ. ಪ್ರತಿ ಸಲವೂ ನಾನು ಮೊದಲ ಬಾರಿಗೆ ಕೇಳುವವಳಂತೆ ಕೇಳುತ್ತೇನೆ.

ಪೆರ್ಡೂರಿನಿಂದ ಹೆಬ್ರಿಯವರೆಗಿನ ದಾರಿಯ ಎರಡೂ ಬದಿಯ ಮನೆಗಳಲ್ಲಿ ಈ ಹತ್ತು ದಿನ ನಡೆಯುವ ಕೆಲಸಗಳನ್ನು ನೋಡುವುದಕ್ಕೆಂದೇ ನಾನು ಗಾಡಿಯನ್ನು ನಲವತ್ತರ ವೇಗಕ್ಕೆ ಇಳಿಸುತ್ತೇನೆ. ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿರುತ್ತಾರೆ. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದ ಮಗು. ಕಾಟುಮಾವಿನ ರಸವನ್ನು ಪದರ ಪದರವಾಗಿ ಹಚ್ಚಿ ಮಾಂಬಳ ಮಾಡುವವರಿಗೆ ಇವು ಕೊನೆಯ ಬಿಸಿಲಿನ ದಿನಗಳು. ಮಾಡಿನ ಮೇಲೆ ಹತ್ತಿ ಹಂಚು ಕೈಯಾಡಿಸುವವರು, ಸೌದೆಯನ್ನು ಕೊಟ್ಟಿಗೆಯಲ್ಲಿ ಒಟ್ಟುವವರು, ಒಣಗಿದ ಪುನರ್ಪುಳಿ ಸಿಪ್ಪೆಯನ್ನು ಗೋಣಿಗೆ ತುಂಬುವವರು, ಮನೆಯ ಹಿಂದಿನ ಕಣಿಯ ಹೂಳೆತ್ತುವವರು. ಪೇಟೆಯ ಅಂಗಡಿಗಳ ಮುಂದೆ ಹೊಸ ಕೊಡೆಗಳು, ಶಾಲೆಯ ಚೀಲಗಳು ನೇತಾಡುತ್ತಿರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಉಡುಪಿಯಲ್ಲಿ 4,000 ಮಿ.ಮೀ. ಆಸುಪಾಸು ಎಂದು ಪುಸ್ತಕಗಳಲ್ಲಿ ಓದುವುದುಂಟು. ಆ ಅಂಕಿಗಳ ಅರ್ಥ ನನಗೆ ಮನದಟ್ಟಾದದ್ದು ಮಳೆಯಲ್ಲಿ ನೆನೆದಾಗ ಅಲ್ಲ, ಅಷ್ಟು ಮಳೆಯನ್ನು ಎದುರಿಸಲು ಒಂದೊಂದು ಮನೆಯೂ ಎಷ್ಟೆಲ್ಲ ಅಣಿ ಮಾಡಿಕೊಳ್ಳುತ್ತದೆ ಎಂಬುದನ್ನು ಈ ರಸ್ತೆಯಲ್ಲಿ ಕಂಡಾಗ.

ಹೆಬ್ರಿಯ ನಂತರ ಕಾಡು. ಸೀತಾನದಿಯ ಸೇತುವೆ ದಾಟಿ ಸೋಮೇಶ್ವರ ತಲುಪುವಷ್ಟರಲ್ಲಿ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ರಸ್ತೆಯ ಬದಿಯಲ್ಲಿ ಹೆಬ್ಬಲಸಿನ ಹಣ್ಣುಗಳು ಬಿದ್ದು ಒಡೆದಿರುತ್ತವೆ. ನೇರಳೆ, ಕೇಪುಳ ಕಪ್ಪಾಗತೊಡಗಿರುತ್ತವೆ. ಘಾಟಿ ಹತ್ತುವ ಮುಂಚೆ ಸೋಮೇಶ್ವರದಲ್ಲಿ ಹತ್ತು ನಿಮಿಷ ನಿಲ್ಲುತ್ತೇವೆ. ಮನೆಯಿಂದ ತಂದ ಹಲಸಿನ ಹಣ್ಣಿನ ಕಡುಬು, ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು. ಮಾವ ಒಂದು ಸುತ್ತು ಬಂದು ನಾಲ್ಕೂ ಟಯರುಗಳನ್ನು ಕಾಲಿನಿಂದ ಒತ್ತಿ ನೋಡುತ್ತಾರೆ, ವೈಪರಿನ ರಬ್ಬರನ್ನು ಬೆರಳಿನಿಂದ ಸವರುತ್ತಾರೆ. ಆರು ತಿಂಗಳು ಬಿಸಿಲಲ್ಲಿ ಒಣಗಿದ ರಬ್ಬರು ಮೊದಲ ಮಳೆಗೆ ಗಾಜನ್ನು ಒರೆಸುವುದಿಲ್ಲ, ಗೀರುತ್ತದೆ. ಬೇಸಿಗೆಯ ಉದ್ದಕ್ಕೂ ರಸ್ತೆಯ ಮೇಲೆ ಕೂತ ಎಣ್ಣೆಯ ಜಿಡ್ಡು ಮತ್ತು ಧೂಳು ಮೊದಲ ಹನಿಗಳೊಂದಿಗೆ ಕಲಸಿ ಜಾರುವ ಪದರವಾಗುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ತುಂತುರು ತೊಳೆಯುವುದಿಲ್ಲ. ಆದ್ದರಿಂದ ಮೇ ತಿಂಗಳ ಮೊದಲ ಹತ್ತು ನಿಮಿಷದ ಮಳೆಯೇ ಜುಲೈಯ ಇಡೀ ದಿನದ ಮಳೆಗಿಂತ ಅಪಾಯದ್ದು ಎಂಬುದು ಅವರ ಪಾಠ. ಈ ಕಾಲಕ್ಕೆ ಹೊರಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳು. 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರಿಗೆ ಕೆಲವೇ ಕಿ.ಮೀ.ಗಳಲ್ಲಿ ಏರಿಸುವ ದಾರಿ ಇದು. ತಿರುವುಗಳು ಎಷ್ಟು ಕಡಿದೆಂದರೆ ದೊಡ್ಡ ಗಾಡಿಯೊಂದು ತಿರುಗಬೇಕಾದರೆ ಎದುರಿನ ಗಾಡಿ ನಿಂತು ಕಾಯಲೇಬೇಕು. ಬೆಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ನಿಯಮ. ಹತ್ತುವಾಗ ನಿಂತ ಗಾಡಿ ಮತ್ತೆ ಹೊರಡುವುದು ಕಷ್ಟ ಎಂಬುದೇ ಅದರ ಕಾರಣ. ಇತ್ತೀಚೆಗೆ ಇದನ್ನು ಪಾಲಿಸುವವರು ಕಡಿಮೆಯಾಗಿರುವುದನ್ನು ಕಂಡಾಗ ಮಾವನ ಮುಖ ಸಪ್ಪಗಾಗುತ್ತದೆ. ಬಸ್ಸಿನವರು ತಿರುವಿನಲ್ಲಿ ಹಾರ್ನ್ ಮಾಡಿ, ಎದುರಿನಿಂದ ಉತ್ತರ ಬರುತ್ತದೆಯೇ ಎಂದು ಕೇಳಿ ಮುಂದುವರಿಯುತ್ತಿದ್ದ ಕಾಲ ಅವರದು. ಘಾಟಿಯಲ್ಲಿ ಒಬ್ಬ ಚಾಲಕ ಇನ್ನೊಬ್ಬನನ್ನು ಕಾಯುವುದೆಂದರೆ ಅವರಿಗೆ ಮರ್ಯಾದೆಯ ವಿಷಯ.

ಮಳೆಗಾಲದಲ್ಲಿ ಇದೇ ತಿರುವುಗಳಲ್ಲಿ ಬಿಳಿ ಮಂಜಿನ ಹೊರತು ಏನೂ ಕಾಣದು. ಮೇ ಕೊನೆಯಲ್ಲಿ, ಅದರಲ್ಲೂ ಹಿಂದಿನ ಸಂಜೆ ಗುಡುಗು ಮಳೆ ಬಿದ್ದು ಗಾಳಿಯ ಧೂಳು ತೊಳೆದುಹೋದ ಬೆಳಗ್ಗೆ, ಮೇಲಿನ ತಿರುವುಗಳಿಂದ ಕೆಳಗಿನ ಇಡೀ ಸೀಮೆ ಬಿಚ್ಚಿಕೊಳ್ಳುತ್ತದೆ. ಮೊದಲು ಸೋಮೇಶ್ವರದ ಕಾಡಿನ ದಟ್ಟ ಹಸುರು. ಆಮೇಲೆ ಅಡಿಕೆ ತೋಟಗಳ ಪಟ್ಟಿಗಳು. ಅದರಾಚೆ ಒಣಗಿ ಕಂದಾದ ಗದ್ದೆಗಳು, ಕೆಂಪುಕಲ್ಲಿನ ಬೋಳು ಪದವುಗಳು. ಕೊನೆಯಲ್ಲಿ ಪಡುವಣದ ಮಸುಕು. ಕರಾವಳಿ ಎಂಬುದು ಘಟ್ಟಕ್ಕೂ ಕಡಲಿಗೂ ನಡುವಿನ ಎಷ್ಟು ಕಿರಿದಾದ ನೆಲ ಎಂಬುದು ಅಲ್ಲಿ ನಿಂತಾಗ ಕಣ್ಣಿಗೇ ತಿಳಿಯುತ್ತದೆ. ನಾನು ಹುಟ್ಟಿ ಬೆಳೆದ, ಓದಿದ, ಕೆಲಸ ಮಾಡುತ್ತಿರುವ ಜಾಗಗಳೆಲ್ಲ ಆ ಪಟ್ಟಿಯೊಳಗೇ ಇವೆ. ಮಳೆ ಬಿದ್ದ ಮೇಲೆ ಗದ್ದೆ, ಪದವು, ಗುಡ್ಡ ಎಲ್ಲವೂ ಒಂದೇ ಹಸುರಾಗಿ ಸೇರಿಹೋಗುತ್ತವೆ. ಬೇಸಿಗೆಯ ಕೊನೆಯಲ್ಲಿ ಮಾತ್ರ ಒಂದೊಂದಕ್ಕೂ ಅದರದೇ ಬಣ್ಣವಿರುತ್ತದೆ.

ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಕಾಡು ಸಿಂಗಳೀಕಗಳ ಮನೆ, ಕಾಳಿಂಗ ಸರ್ಪಗಳ ಮನೆ. ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಅವರು ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದ್ದೇ ಕಾಳಿಂಗ ಇಲ್ಲಿ ಹೇರಳವಾಗಿರುವುದರಿಂದ. ಅಂಥ ಜಾಗದಲ್ಲಿ ತಿರುವಿನ ಕಟ್ಟೆಯ ಮೇಲೆ ನಿಂತು ಮಂಗಗಳಿಗೆ ಚಿಪ್ಸ್ ಎಸೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ತಿಂಡಿಯ ಆಸೆಗೆ ರಸ್ತೆಗಿಳಿದ ಮಂಗ ಗಾಡಿಯ ಚಕ್ರಕ್ಕೆ ಸಿಕ್ಕುತ್ತದೆ; ಎಸೆದ ಪ್ಲಾಸ್ಟಿಕ್ ಮೊದಲ ಮಳೆಗೆ ಕೊಚ್ಚಿಕೊಂಡು ಸೀತಾನದಿಗೆ ಸೇರುತ್ತದೆ. ನಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಗೋಣಿಚೀಲ ಇರುತ್ತದೆ. ಕೈಗೆ ಸಿಕ್ಕಷ್ಟನ್ನು ಹೆಕ್ಕಿ ತುಂಬಿಕೊಂಡು ಮನೆಗೆ ತರುತ್ತೇವೆ.

ಆಗುಂಬೆಯಲ್ಲಿ ಚಹಾ. ಅಲ್ಲಿಂದ ತೀರ್ಥಹಳ್ಳಿಯವರೆಗೆ ದಾರಿ ಸುಗಮ. ಸಾಲುಮರಗಳ ನೆರಳು ಉಳಿದಿರುವ ಕಡೆ ಕಿಟಕಿ ಇಳಿಸಿದರೆ ಏಸಿ ಬೇಡ. ತುಂಗೆಯ ಬಂಡೆಗಳ ಮೇಲೆ ಸ್ವಲ್ಪ ಹೊತ್ತು ಕುಳಿತು, ಊಟ ಮುಗಿಸಿ, ಎರಡು ಗಂಟೆಯೊಳಗೆ ಮಾಸ್ತಿಕಟ್ಟೆಯ ದಿಕ್ಕಿಗೆ ಹೊರಡುತ್ತೇವೆ. ಮಧ್ಯಾಹ್ನದ ನಂತರ ಘಾಟಿ ಇಳಿಯುವುದಕ್ಕೆ ಇರುವ ಗಡುವು ಮಳೆಯದು.

ಮುಂಗಾರಿಗೆ ಮುಂಚಿನ ಮಳೆಗೂ ಮುಂಗಾರಿಗೂ ಇರುವ ವ್ಯತ್ಯಾಸವನ್ನು ನನಗೆ ಕಲಿಸಿದ್ದು ಈ ದಾರಿ. ಜೂನಿನ ಮಳೆ ಪಡುವಣ ಕಡಲಿನಿಂದ ಬರುತ್ತದೆ, ದಿನಗಟ್ಟಲೆ ಸುರಿಯುತ್ತದೆ, ಗುಡುಗುವುದು ಕಡಿಮೆ. ಮೇ ತಿಂಗಳ ಮಳೆ ಮೂಡಣದ ಘಟ್ಟದ ಮೇಲೆ ಹುಟ್ಟುತ್ತದೆ. ಬೆಳಗ್ಗಿನಿಂದ ಕಾದ ನೆಲದ ಗಾಳಿ ಮೇಲೇರುತ್ತದೆ, ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಒದ್ದೆ ಗಾಳಿ ಘಟ್ಟಕ್ಕೆ ಬಡಿದು ಅದೂ ಮೇಲೇರುತ್ತದೆ. ಮೂರು ಗಂಟೆಯ ಹೊತ್ತಿಗೆ ಹೂಕೋಸಿನಂಥ ಮೋಡಗಳು ಬೆಟ್ಟಗಳ ಹಿಂದಿನಿಂದ ತಲೆ ಎತ್ತುತ್ತವೆ. ‘ಮೂಡ್ ಬದಿ ಕಾಣ್ ಹೆಣೆ, ಮಳಿ ಬಪ್ಪುಕಾಯ್ತ್’ ಎಂದು ಮಾವ ಹೇಳಿದರೆ ಒಂದು ಗಂಟೆಯೊಳಗೆ ಗುಡುಗು ಕೇಳುವುದು ಖಂಡಿತ. ಅಷ್ಟರೊಳಗೆ ಬಾಳೆಬರೆ ಇಳಿದಿರಬೇಕು.

ಆ ಘಾಟಿಯಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಡ್ರೈವಿಂಗ್ ಕಲಿತು ಎರಡನೆಯ ವರ್ಷ. ಮಾವ ನಿದ್ದೆಗೆ ಜಾರಿದ್ದರು. ಇಳಿಜಾರಿನಲ್ಲಿ ಮೂರನೆಯ ಗೇರಿನಲ್ಲೇ ಗಾಡಿಯನ್ನು ಬಿಟ್ಟು, ತಿರುವು ಬಂದಾಗಲೆಲ್ಲ ಬ್ರೇಕ್ ತುಳಿಯುತ್ತ ಸಾಗಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಪೆಡಲ್ ಮೆತ್ತಗಾಗಿ ಎಂದಿಗಿಂತ ಕೆಳಗೆ ಹೋಗತೊಡಗಿತು. ಆ ವಾಸನೆಗೆ ಎಚ್ಚರಗೊಂಡ ಮಾವ ದನಿ ಏರಿಸಲಿಲ್ಲ. ‘ಗೇರ್ ಇಳ್ಸ್, ಒಂದಕ್ಕೆ ತಾ, ಬದಿಗ್ ತಕಾ’ ಎಂದಷ್ಟೇ ಹೇಳಿ, ಅಗಲವಾದ ಜಾಗ ಬರುವವರೆಗೆ ಕೈಯನ್ನು ಹ್ಯಾಂಡ್ ಬ್ರೇಕಿನ ಮೇಲೆ ಇಟ್ಟುಕೊಂಡಿದ್ದರು. ಅಲ್ಲಿ ಮುಕ್ಕಾಲು ಗಂಟೆ ನಿಂತೆವು. ಚಕ್ರಗಳಿಗೆ ನೀರು ಹೊಯ್ಯಲು ಹೋದ ನನ್ನನ್ನು ತಡೆದರು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ತಾನಾಗಿ ಆರಲಿ ಎಂದರು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು, ಗಾಡಿಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಎಂಜಿನ್ನಿಗೆ ಬಿಡಬೇಕು ಎಂಬ ಮಾತನ್ನು ಅಂದು ಕೇಳಿದ ನಾನು ಇಂದಿಗೂ ಮರೆತಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಕಾಡಿನೊಳಗಿಂದ ಕೇಳಿಬಂದ ಜೀರುಂಡೆಗಳ ಸದ್ದೂ ನೆನಪಿದೆ: ಒಮ್ಮೆಲೇ ಏರಿ, ಒಮ್ಮೆಲೇ ನಿಂತು, ಮತ್ತೆ ಏರುವ ಸದ್ದು.

ಘಾಟಿಯ ಬುಡದ ಹೊಸಂಗಡಿಯಲ್ಲಿ ವಾರಾಹಿ ನದಿಯ ನೀರಿನಿಂದ 460 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಕೇಂದ್ರ ಬೆಟ್ಟದ ಒಡಲಿನಲ್ಲಿದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ತಂತಿಗಳ ಸಾಲು ಮಾತ್ರ. ಮೇಲೆ ಮಾಣಿ ಅಣೆಕಟ್ಟಿನಲ್ಲಿ ಕೂಡಿಟ್ಟದ್ದು ಹಿಂದಿನ ಮಳೆಗಾಲದ ನೀರು. ಬೇಸಿಗೆಯ ಕೊನೆಯಲ್ಲಿ ನಮ್ಮ ಮನೆಯ ಫ್ಯಾನ್ ತಿರುಗಿಸುವುದರಲ್ಲಿ ಅದಕ್ಕೂ ಪಾಲಿದೆ ಎಂಬ ಯೋಚನೆ ಅಲ್ಲಿ ಹಾದುಹೋಗುವಾಗ ಬರುತ್ತದೆ. ಒಂದು ವರ್ಷ ಇಲ್ಲಿಗೆ ತಲುಪುವಾಗ ಕತ್ತಲಾಗಿತ್ತು. ರಸ್ತೆಯ ಬದಿಯ ಮರವೊಂದರ ತುಂಬ ಮಿಂಚುಹುಳಗಳು ಒಟ್ಟಿಗೆ ಬೆಳಗಿ ಒಟ್ಟಿಗೆ ಆರುತ್ತಿದ್ದವು. ಸಂಗಾತಿಯನ್ನು ಕರೆಯುವ ಅವುಗಳ ಈ ಬೆಳಕು ಘಟ್ಟದಲ್ಲಿ ಕಾಣುವುದು ಮುಂಗಾರಿಗೆ ಮುಂಚಿನ ಕೆಲವೇ ವಾರ. ಹೆಡ್‌ಲೈಟ್ ಆರಿಸಿದ ಮೇಲೆ ಪಕ್ಕದ ಮರವೂ, ಅದರಾಚೆಯದೂ ಕಾಣಿಸಿಕೊಂಡಿತು. ಗಾಡಿಯ ದೀಪ ಉರಿಯುತ್ತಿದ್ದಷ್ಟು ಹೊತ್ತು ನಾವು ಒಂದೇ ಮರವನ್ನು ಕಂಡಿದ್ದೆವು.

2025ರಲ್ಲಿ ನಮ್ಮ ಸುತ್ತು ನಡೆಯಲಿಲ್ಲ. ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳ ಮುಟ್ಟುವ ಮುಂಗಾರು ಆ ವರ್ಷ ಮೇ 24ಕ್ಕೇ ಮುಟ್ಟಿತು. ನಮ್ಮ ಕರಾವಳಿಗೂ ಅದರ ಬೆನ್ನಿಗೇ ಬಂತು. ನಾವು ಹೊರಡಬೇಕೆಂದಿದ್ದ ದಿನ ಜಗಲಿಯಲ್ಲಿ ಕುಳಿತು ಮಳೆ ನೋಡಿದೆವು. ಅಂಗಳದಲ್ಲಿದ್ದ ಹಪ್ಪಳದ ಚಾಪೆಗಳನ್ನು ಅಮ್ಮ ಒಳಗೆ ಎಳೆದು ತಂದು, ಅರ್ಧ ಒಣಗಿದ್ದನ್ನು ಫ್ಯಾನಿನ ಕೆಳಗೆ ಹರಡಿದ್ದರು. 2023ರಲ್ಲಿ ಇದಕ್ಕೆ ವಿರುದ್ಧವಾಗಿತ್ತು. ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಸ್ವರ್ಣೆಯ ಗುಂಡಿಗಳಲ್ಲಿ ನೀರು ಕುಗ್ಗುತ್ತಲೇ ಇತ್ತು. ನಾನು ಇಷ್ಟು ಪ್ರೀತಿಸುವ ಈ ಹತ್ತು ದಿನಗಳು ಕ್ಯಾಲೆಂಡರಿನಲ್ಲಿ ಒಂದೇ ಕಡೆ ನಿಲ್ಲುತ್ತಿಲ್ಲ. ‘ಮುಂದಿನ ಸಲ ಬೇಗ ಹೋಪ’ ಎಂದರು ಮಾವ. ಬೇಗ ಹೋದರೆ ಮಾವು ಹಣ್ಣಾಗಿರುವುದಿಲ್ಲ, ಹೊಳೆ ಇಷ್ಟು ಇಳಿದಿರುವುದಿಲ್ಲ ಎಂಬುದು ಅವರಿಗೂ ಗೊತ್ತು.

ಅದರ ಹಿಂದಿನ ವರ್ಷ, 2024ರಲ್ಲಿ, ಸುತ್ತು ಪೂರ್ತಿಯಾಗಿತ್ತು. ಕುಂದಾಪುರ ದಾಟಿ ತ್ರಾಸಿಯ ಮೇಲಿಂದ ಮರವಂತೆ ತಲುಪಿದಾಗ ಸಂಜೆ ಆರು. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಕಡಲಿಗೆ ಇಷ್ಟು ಹತ್ತಿರ ಬಂದ ನದಿ ಅಲ್ಲೇ ಸೇರದೆ ತಿರುಗಿ, ಗಂಗೊಳ್ಳಿಯವರೆಗೆ ಹೋಗಿ ಸೇರುತ್ತದೆ. ರಸ್ತೆ ಅಗಲವಾದ ಮೇಲೆ ಅಲ್ಲಿ ನಿಲ್ಲುವವರೂ ಹೆಚ್ಚಾಗಿದ್ದಾರೆ, ಹೆಚ್ಚಿನವರ ಮುಖ ಕಡಲಿನ ಕಡೆಗೆ. ಮಾವ ಮಾತ್ರ ಯಾವಾಗಲೂ ನದಿಯ ಕಡೆ ನಿಲ್ಲುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಋತುವಿನ ಕೊನೆಯ ದೋಣಿಗಳು ದೂರದಲ್ಲಿ ಗಂಗೊಳ್ಳಿಯ ದಿಕ್ಕಿಗೆ ಮರಳುತ್ತಿದ್ದವು. ಪಡುವಣದಲ್ಲಿ ಆಕಾಶ ಇನ್ನೂ ಕಿತ್ತಳೆಯಾಗಿತ್ತು, ಅಲೆಗಳು ಕೊರೆತ ತಡೆಯಲು ಹಾಕಿದ ಬಂಡೆಗಳಿಗೆ ಬಡಿಯುತ್ತಿದ್ದವು. ಮೂಡಣದಲ್ಲಿ 1,343 ಮೀಟರಿನ ಕೊಡಚಾದ್ರಿ ಇದ್ದ ಕಡೆ ಕಪ್ಪು ಮೋಡವೊಂದೇ ಇತ್ತು. ಅದರೊಳಗೆ ಮಿಂಚು ಹೊಳೆದಾಗಲೊಮ್ಮೆ ಬೆಟ್ಟದ ಅಂಚು ಕಂಡು ಮಾಯವಾಗುತ್ತಿತ್ತು.

ಮೊದಲು ನದಿಯ ಆಚೆ ದಡದ ತೆಂಗುಗಳು ಮಸುಕಾದವು. ಆಮೇಲೆ ನೀರಿನ ಮೇಲೆ ಬಿಳಿಯ ಪರದೆಯೊಂದು ನಮ್ಮ ಕಡೆಗೆ ಸರಿಯತೊಡಗಿತು. ಸೌಪರ್ಣಿಕೆಯ ಅರ್ಧ ಭಾಗ ಹನಿಗಳಿಂದ ಒರಟಾಗಿತ್ತು, ಇನ್ನರ್ಧ ಕನ್ನಡಿಯಂತೆ ನುಣುಪಾಗಿತ್ತು. ಜನ ಗಾಡಿಗಳ ಕಡೆಗೆ ಓಡಿದರು. ಮಾವ ಕದಲಲಿಲ್ಲ, ನಾನೂ ಕದಲಲಿಲ್ಲ. ಮಳೆ ಈಚೆ ದಡ ಮುಟ್ಟಿತು, ನಮ್ಮನ್ನು ನೆನೆಸಿತು, ಕಾದ ಡಾಂಬರಿನಿಂದ ಹಬೆ ಎಬ್ಬಿಸುತ್ತ ರಸ್ತೆ ದಾಟಿ ಮರಳಿಗೆ ಇಳಿದು ಕಡಲಿಗೆ ಹೋಯಿತು. ಮಾವ ತಲೆಯ ಮೇಲಿನ ಬೈರಾಸನ್ನು ತೆಗೆದು ಹಿಂಡಿ, ಮತ್ತೆ ಹೊದ್ದುಕೊಂಡು, ‘ಇನ್ ಹೋಪ, ಅವಸ್ರ ಎಂತ ಇಲ್ಲೆ’ ಎಂದರು.